ಗಂಡನಿಗೆ ಕೆಲಸ ಕೊಟ್ಟರೆ ಹೆಂಡತಿಗೂ ಕೊಡಬೇಕಾ?

ಇವತ್ತು ರಾಜಕೀಯ ಸ್ವಲ್ಪ ಪಕ್ಕಕ್ಕಿಡೋಣ. ಇವತ್ತಿನ ಪ್ರಶ್ನೆ ವಿಧಾನಸೌಧದ್ದಲ್ಲ, ಮನೆಯದ್ದು. ಆದರೆ ಕೊನೆಗೆ ಅದು ವಿಧಾನಸೌಧದ ಬಾಗಿಲಿಗೇ ಹೋಗಿ ನಿಲ್ಲುತ್ತೆ, ನೋಡ್ತಾ ಇರಿ.

ಒಂದು ವಿಶ್ವವಿದ್ಯಾಲಯಕ್ಕೆ ಒಬ್ಬ ಒಳ್ಳೆಯ ಪ್ರಾಧ್ಯಾಪಕರು ಬೇಕು. ಹುಡುಕಿ ಹುಡುಕಿ ಒಬ್ಬರನ್ನು ಆರಿಸಿದ್ರು. ಅವರು ಹೇಳ್ತಾರೆ: "ಬರ್ತೀನಿ ಸಾರ್. ಆದರೆ ನನ್ನ ಹೆಂಡತಿಯೂ ಪಿಎಚ್‌ಡಿ ಮಾಡಿದ್ದಾರೆ, ಅವರೂ ಪಾಠ ಮಾಡ್ತಾರೆ. ಅವರಿಗೂ ಇಲ್ಲೇ ಒಂದು ಹುದ್ದೆ ಕೊಟ್ಟರೆ ಮಾತ್ರ ಬರ್ತೀನಿ." ಈಗ ಹೇಳಿ, ಕೊಡಬೇಕಾ, ಬೇಡವಾ?

ಈ ಪ್ರಶ್ನೆ ಕೇಳಿದ ತಕ್ಷಣ ನಿಮ್ಮ ಮನೆಯ ಹಾಲ್‌ನಲ್ಲೇ ಎರಡು ಪಕ್ಷ ಆಗಿರುತ್ತೆ. "ಕೊಡಲಿ ಬಿಡಿ, ಓದಿದ್ದಾಳೆ, ಗಂಡನ ಹಿಂದೆ ಬಂದು ಅಡುಗೆ ಮನೆಯಲ್ಲಿ ಕೂರಬೇಕಾ?" ಅನ್ನೋದು ಒಂದು ಪಕ್ಷ. "ಹಾಗಾದ್ರೆ ನನ್ನ ಮಗಳು ನೆಟ್ ಪಾಸ್ ಮಾಡಿ ಕಾಯ್ತಾ ಕೂತಿದ್ದಾಳಲ್ಲ, ಅವಳ ಕಥೆ ಏನು?" ಅನ್ನೋದು ಇನ್ನೊಂದು ಪಕ್ಷ. ಸ್ವಾರಸ್ಯ ಏನು ಗೊತ್ತಾ? ಇಬ್ಬರು ಹೇಳ್ತಿರೋದೂ ಸರಿ. ಇಬ್ಬರೂ ಸರಿ ಇರುವ ಜಗಳವೇ ನೋಡಿ ಕಷ್ಟದ ಜಗಳ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇದು ದೊಡ್ಡ ಚರ್ಚೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ಸಂಸ್ಥೆ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಅಲ್ಲಿನ 13 ಪ್ರಮುಖ ವಿಶ್ವವಿದ್ಯಾಲಯಗಳ ಅಧ್ಯಾಪಕರನ್ನು ಕೇಳಿ ಮಾಡಿದ ಅಧ್ಯಯನ ಅದು. ಶೇಕಡ 36ರಷ್ಟು ಅಧ್ಯಾಪಕರ ಸಂಗಾತಿಯೂ ವಿಶ್ವವಿದ್ಯಾಲಯದಲ್ಲೇ ಕೆಲಸ ಮಾಡುವವರು ಅಂತ ಅದು ಹೇಳಿತು. ಸರಿಸುಮಾರು ಮೂವರಲ್ಲಿ ಒಬ್ಬರು! ಓದುವಾಗ ಒಂದೇ ಲ್ಯಾಬ್, ಒಂದೇ ಲೈಬ್ರರಿ, ಒಂದೇ ಕ್ಯಾಂಟೀನ್. ಮದುವೆಯೂ ಅಲ್ಲೇ ಆಗುತ್ತೆ, ಸಹಜ. ಅಲ್ಲಿ ಎಷ್ಟೋ ವಿಶ್ವವಿದ್ಯಾಲಯಗಳು ಇರೋದು ಸಣ್ಣ ಊರುಗಳಲ್ಲಿ. ಆ ಊರಲ್ಲಿ ವಿಶ್ವವಿದ್ಯಾಲಯ ಬಿಟ್ಟರೆ ಓದಿದವರಿಗೆ ಬೇರೆ ಕೆಲಸ ಇಲ್ಲ. ಹಾಗಾಗಿ ಒಬ್ಬರನ್ನು ಕರೆಸಿಕೊಳ್ಳಬೇಕು ಅಂದ್ರೆ ಇನ್ನೊಬ್ಬರಿಗೂ ದಾರಿ ತೋರಿಸಬೇಕು. ಕೆಲವು ಕಡೆ ಜಾಹೀರಾತೇ ಇಲ್ಲದೆ ಸಂಗಾತಿಗೆ ಹುದ್ದೆ ಸೃಷ್ಟಿ ಮಾಡ್ತಾರೆ. ಅವರ ಸಂಬಳವನ್ನು ಎರಡು ವಿಭಾಗ ಮತ್ತು ಕೇಂದ್ರ ಆಡಳಿತ ಹಂಚಿಕೊಳ್ಳೋದೂ ಉಂಟು.

ಇದನ್ನು ಕೇಳಿ ನಮ್ಮ ಜನ "ಅಯ್ಯೋ, ಅಮೆರಿಕದಲ್ಲೂ ವಶೀಲಿನಾ?" ಅಂತ ನಗಬಹುದು. ನಗುವ ಮೊದಲು ಇದರ ಹಿಂದಿನ ಕಥೆ ಕೇಳಿ.

ಒಂದು ಕಾಲದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಪೂರ್ತಿ ಉಲ್ಟಾ ನಿಯಮ ಇತ್ತು. ಒಂದೇ ಕುಟುಂಬದ ಇಬ್ಬರಿಗೆ ಕೆಲಸ ಕೊಡುವಂತಿಲ್ಲ. ನಿಯಮ ಬಂದಿದ್ದು ಒಳ್ಳೆಯ ಉದ್ದೇಶಕ್ಕೆ. ಅಳಿಯ, ಬಾಮೈದ, ತಮ್ಮನ ಮಗ ಅಂತ ತುಂಬಿಕೊಳ್ಳಬಾರದು ಅಂತ. ಆದರೆ ಆ ನಿಯಮದ ಏಟು ಬಿದ್ದಿದ್ದು ಯಾರಿಗೆ? ಹೆಂಡತಿಯರಿಗೆ. ಮರಿಯಾ ಗೊಪರ್ಟ್ ಮೇಯರ್ ಅಂತ ಒಬ್ಬ ಭೌತವಿಜ್ಞಾನಿ. ಪತಿ ಜೋಸೆಫ್ ಮೇಯರ್ ರಸಾಯನ ವಿಜ್ಞಾನಿ. 1930ರಲ್ಲಿ ಇಬ್ಬರೂ ಅಮೆರಿಕಕ್ಕೆ ಬಂದ್ರು. ಪತಿಗೆ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಹುದ್ದೆ. ಪತ್ನಿಗೆ? ಒಂದು ಸಣ್ಣ ಕೋಣೆ, ಪುಡಿಗಾಸಿನ ಕೆಲಸ. ಅಲ್ಲಿಂದ ಕೊಲಂಬಿಯಾ, ಅಲ್ಲಿಂದ ಷಿಕಾಗೊ. ಷಿಕಾಗೊದಲ್ಲಿ ಪ್ರೊಫೆಸರ್ ಅನ್ನೋ ಹೆಸರು ಕೊಟ್ಟರು, ವಿಶ್ವವಿದ್ಯಾಲಯದ ಸಂಬಳ ಕೊಡಲಿಲ್ಲ. ಪರಮಾಣುವಿನ ಬೀಜ ಹೇಗೆ ಪದರ ಪದರವಾಗಿ ಕಟ್ಟಿಕೊಂಡಿದೆ ಅನ್ನೋದನ್ನು ಆಕೆ ಲೆಕ್ಕ ಹಾಕಿದ್ದು ಆ ಸಂಬಳ ಇಲ್ಲದ ವರ್ಷಗಳಲ್ಲಿ. 1960ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಪೂರ್ಣ ಪ್ರಾಧ್ಯಾಪಕಿ ಆದ್ರು. 1963ರಲ್ಲಿ ನೊಬೆಲ್ ಬಂತು! ಆಗಲೂ ಆ ಊರಿನ ಪತ್ರಿಕೆ ಆಕೆಯನ್ನು ವಿಜ್ಞಾನಿ ಅಂತ ಕರೀಲಿಲ್ಲ, ನಮ್ಮೂರ ತಾಯಿಗೆ ನೊಬೆಲ್ ಅನ್ನೋ ಅರ್ಥದಲ್ಲಿ ತಲೆಬರಹ ಹಾಕಿತ್ತು.

ಇನ್ನೊಬ್ಬರು ಗರ್ಟಿ ಕೋರಿ. ಗಂಡ ಹೆಂಡತಿ ಇಬ್ಬರೂ ಸೇರಿ ಒಂದೇ ಲ್ಯಾಬ್‌ನಲ್ಲಿ ಸಂಶೋಧನೆ ಮಾಡ್ತಿದ್ರು. 1931ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದಾಗ ಗಂಡ ವಿಭಾಗದ ಮುಖ್ಯಸ್ಥ, ಹೆಂಡತಿ ಸಂಶೋಧನಾ ಸಹಾಯಕಿ. ಪೂರ್ಣ ಪ್ರಾಧ್ಯಾಪಕಿ ಆಗೋದಕ್ಕೆ 1947 ಆಗಬೇಕಾಯಿತು. ಅದೇ ವರ್ಷ ಇಬ್ಬರಿಗೂ ಸೇರಿ ನೊಬೆಲ್ ಬಂತು.

ಅಂದ್ರೆ ಏನಾಯ್ತು? "ಹೆಂಡತಿ ಅನ್ನೋ ಕಾರಣಕ್ಕೆ ಕೆಲಸ ಕೊಡಬೇಡಿ" ಅಂತ ಶುರುವಾದ ನಿಯಮ "ಹೆಂಡತಿ ಅನ್ನೋ ಕಾರಣಕ್ಕೇ ಕೆಲಸ ಇಲ್ಲ" ಅನ್ನೋ ಕಡೆ ಹೋಗಿ ನಿಂತಿತು. ಎರಡೂ ಒಂದೇ ತಪ್ಪು. ಎರಡರಲ್ಲೂ ಆಕೆಯ ಓದು ನೋಡಲಿಲ್ಲ, ಮದುವೆ ನೋಡಿದ್ರು. ಈ ಮಾತು ನೆನಪಿಟ್ಟುಕೊಳ್ಳಿ. ಇವತ್ತಿನ ಚರ್ಚೆಯ ಬೇರು ಇದೇ.

ಈಗ ನಮ್ಮ ಬೆಂಗಳೂರಿಗೆ ಬನ್ನಿ. ನಾನು ಓದಿದ್ದು ಇಂಜಿನಿಯರಿಂಗ್. ಮೈಕ್ರೋವೇವ್, ಆಂಟೆನಾ ಅಂತ ಪೇಪರ್ ಬರೀತಾ ಇದ್ದ ನಮಗೆ ಈ ಹೆಸರನ್ನು ಕ್ಲಾಸಿನಲ್ಲಿ ಯಾರೂ ಹೇಳಲಿಲ್ಲ. ರಾಜೇಶ್ವರಿ ಚಟರ್ಜಿ. ಹೆಸರು ಕೇಳಿ ಬಂಗಾಳದವರು ಅಂದುಕೊಳ್ಳಬೇಡಿ. ನಮ್ಮ ನಂಜನಗೂಡಿನವರು, 1922ರಲ್ಲಿ ಹುಟ್ಟಿದವರು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1943ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಅಂದ್ರೆ ಇವತ್ತಿನ ಐಐಎಸ್‌ಸಿ ಸೇರಿದ್ರು. ಸ್ವಾತಂತ್ರ್ಯ ಬರುವ ಹೊತ್ತಿಗೆ, 1947ರಲ್ಲಿ, ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಹಡಗು ಹತ್ತಿ ಅಮೆರಿಕದ ಮಿಷಿಗನ್‌ಗೆ ಹೋದ್ರು. 1953ರಲ್ಲಿ ಪಿಎಚ್‌ಡಿ ಮುಗಿಸಿ ವಾಪಸ್ ಬಂದು ಅದೇ ಐಐಎಸ್‌ಸಿಯಲ್ಲಿ ಅಧ್ಯಾಪಕರಾದ್ರು. ಅದೇ ವರ್ಷ ಅದೇ ವಿಭಾಗದ ಅಧ್ಯಾಪಕ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ಮದುವೆ ಆದ್ರು.

ಗಂಡ ಹೆಂಡತಿ, ಒಂದೇ ಸಂಸ್ಥೆ, ಒಂದೇ ವಿಭಾಗ. ಇಬ್ಬರೂ ಸೇರಿ ಮೈಕ್ರೋವೇವ್ ಸಂಶೋಧನಾ ಪ್ರಯೋಗಾಲಯ ಕಟ್ಟಿದ್ರು. ಆಕೆ ಮುಂದೆ ವಿಭಾಗದ ಮುಖ್ಯಸ್ಥೆಯೂ ಆದ್ರು. 20 ಜನ ಅವರ ಕೈಯಲ್ಲಿ ಪಿಎಚ್‌ಡಿ ಮಾಡಿದ್ರು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಅಂತ ಇವತ್ತು ಅವರನ್ನು ನೆನಪಿಸಿಕೊಳ್ತಾರೆ. ಯಾರಾದ್ರೂ "ಚಟರ್ಜಿ ಅವರ ಹೆಂಡತಿ ಅಂತ ಕೆಲಸ ಸಿಕ್ಕಿತು" ಅನ್ನೋಕೆ ಸಾಧ್ಯವಾ? ಸಾಧ್ಯ ಇಲ್ಲ. ಯಾಕಂದ್ರೆ ಆಕೆ ಬಂದಿದ್ದು ಆಕೆಯ ಬಾಗಿಲಿನಿಂದ. ಅದೇ ರೀತಿ, "ಗಂಡ ಇಲ್ಲೇ ಇದ್ದಾರೆ, ಆದ್ದರಿಂದ ನೀವು ಮನೆಗೆ ಹೋಗಿ" ಅಂತಲೂ ಸಂಸ್ಥೆ ಹೇಳಲಿಲ್ಲ. ಮರಿಯಾ ಮೇಯರ್‌ಗೆ ಅಮೆರಿಕ ಆಗ ಕೊಡದೇ ಇದ್ದದ್ದನ್ನು 1953ರಲ್ಲಿ ನಮ್ಮ ಬೆಂಗಳೂರು ಕೊಟ್ಟಿತ್ತು ಸ್ವಾಮಿ!

ಹಾಗಾಗಿ ನನ್ನ ಪ್ರಕಾರ ಪರೀಕ್ಷೆ ಸುಲಭ. ಅರ್ಜಿಯಿಂದ ಗಂಡನ ಹೆಸರು ಅಳಿಸಿ ಓದಿ. ಆಗಲೂ ಆ ಹುದ್ದೆ ಆಕೆಗೇ ಸಿಗುತ್ತಾ? ಸಿಗುತ್ತೆ ಅಂದ್ರೆ ಕೊಡಿ, ಯಾರೂ ಬಾಯಿ ಬಿಡೋ ಹಾಗಿಲ್ಲ. ಸಿಗಲ್ಲ ಅಂದ್ರೆ ಅದು ನೇಮಕಾತಿ ಅಲ್ಲ, ಉಡುಗೊರೆ. ಸ್ವಂತ ದುಡ್ಡಿನಲ್ಲಿ ಯಾರು ಯಾರಿಗೆ ಬೇಕಾದ್ರೂ ಉಡುಗೊರೆ ಕೊಡಲಿ. ತೆರಿಗೆ ದುಡ್ಡಿನಲ್ಲಿ ಕೊಡೋ ಹಾಗಿಲ್ಲ.

ನಮ್ಮ ಸಂವಿಧಾನ ಹೇಳೋದೂ ಇದನ್ನೇ. 16ನೇ ವಿಧಿ. ಸರ್ಕಾರಿ ಕೆಲಸದಲ್ಲಿ ಎಲ್ಲರಿಗೂ ಸಮಾನ ಅವಕಾಶ. ಧರ್ಮ, ಜಾತಿ, ಲಿಂಗ, ವಂಶ, ಹುಟ್ಟಿದ ಊರು, ಯಾವುದರ ಮೇಲೂ ಭೇದ ಮಾಡುವಂತಿಲ್ಲ. "ವಂಶ" ಅನ್ನೋ ಪದ ಯಾಕೆ ಅಲ್ಲಿದೆ ಅನ್ನೋದನ್ನು ನಮ್ಮ ಕಂದಿಕೆರೆ ಕಡೆಯ ಹಿರಿಯರನ್ನು ಕೇಳಿ, ಚೆನ್ನಾಗಿ ಹೇಳ್ತಾರೆ. ಒಂದು ಕಾಲದಲ್ಲಿ ಪಟೇಲರ ಮಗ ಪಟೇಲ, ಶಾನುಭೋಗರ ಮಗ ಶಾನುಭೋಗ. ಊರಿನ ಲೆಕ್ಕದ ಪುಸ್ತಕವೇ ಒಂದು ಮನೆಯ ಆಸ್ತಿ. ಆಂಧ್ರದ ಒಂದು ಗ್ರಾಮಾಧಿಕಾರಿ ಹುದ್ದೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ಹುದ್ದೆ ರಕ್ತದಲ್ಲಿ ಹರಿದು ಬರೋ ಹಾಗಿಲ್ಲ ಅಂತ 1960ರ ದಶಕದ ಶುರುವಿನಲ್ಲೇ ಹೇಳಿಬಿಟ್ಟಿತು. ನಮ್ಮ ರಾಜ್ಯವೂ 1961ರಲ್ಲಿ ಕಾಯ್ದೆ ಮಾಡಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ತೆಗೆದು ಹಾಕಿತು. ಕಷ್ಟಪಟ್ಟು ರಕ್ತದ ಬಾಗಿಲು ಮುಚ್ಚಿದ್ದೀವಿ. ಈಗ ತಾಳಿಯ ಬಾಗಿಲು ತೆಗೀಬೇಕಾ?

ಅನುಕಂಪದ ನೇಮಕಾತಿ ಇದೆಯಲ್ಲ ಅಂತ ಕೇಳಬಹುದು. ಇದೆ. ನೌಕರ ಸೇವೆಯಲ್ಲಿರುವಾಗಲೇ ತೀರಿಕೊಂಡ್ರೆ ಕುಟುಂಬ ಬೀದಿಗೆ ಬೀಳಬಾರದು ಅಂತ ಕೆಳದರ್ಜೆಯ ಹುದ್ದೆ ಕೊಡ್ತಾರೆ. ಅದು ಸಂಕಟಕ್ಕೆ ಕೊಡೋದು. ಪ್ರಾಧ್ಯಾಪಕ ಹುದ್ದೆ ಹಾಗೆ ಕೊಡೋದಲ್ಲ.

ಇನ್ನೊಂದು ಲೆಕ್ಕ ಇದೆ. ಸಂಗಾತಿಗೆ ಅಂತ ಒಂದು ಹುದ್ದೆ ಪಕ್ಕಕ್ಕೆ ತೆಗೆದಿಟ್ಟರೆ ಅದು ಎಲ್ಲಿಂದ ಬರುತ್ತೆ? ಆಕಾಶದಿಂದ ಉದುರಲ್ಲ. ಇರುವ ಹುದ್ದೆಗಳಲ್ಲೇ ಒಂದು ಹೋಗುತ್ತೆ. ನಮ್ಮಲ್ಲಿ ಪ್ರತಿ ಹುದ್ದೆಗೂ ಮೀಸಲಾತಿ ರೋಸ್ಟರ್ ಇದೆ. ಈ ಹುದ್ದೆ ಪರಿಶಿಷ್ಟ ಜಾತಿಗೆ, ಇದು ಪಂಗಡಕ್ಕೆ, ಇದು ಹಿಂದುಳಿದ ವರ್ಗಕ್ಕೆ ಅಂತ. ಅಪ್ಪ ತೆಂಗಿನ ಮರ ಹತ್ತಿ ಕಾಯಿ ಕೀಳುವವನು, ಅಮ್ಮ ಸಿಪ್ಪೆ ಸುಲಿಯೋ ಕೂಲಿಗೆ ಹೋಗುವವಳು. ಅಂಥ ಮನೆಯಲ್ಲಿ ಮೊದಲ ಬಾರಿಗೆ ಎಂ.ಎ. ಮಾಡಿದ ಹುಡುಗಿ ಕಾಯ್ತಾ ಇರೋದು ಆ ರೋಸ್ಟರಿನ ಒಂದು ಸಾಲಿಗೆ. ಪ್ರೊಫೆಸರ್ ದಂಪತಿಗೆ ನಾವು ತೋರಿಸುವ ಔದಾರ್ಯದ ಬಿಲ್ಲನ್ನು ಆ ಹುಡುಗಿ ಕಟ್ಟಬೇಕು. ಆಕೆಗೆ ಪ್ರೊಫೆಸರ್ ಗಂಡ ಇಲ್ಲ. ಪ್ರೊಫೆಸರ್ ಅಪ್ಪ ಇಲ್ಲ. ಇರೋದು ಒಂದೇ ಒಂದು ಅಂಕಪಟ್ಟಿ.

ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಬಂದ್ರೆ ಯಾರ ತೋಟದ್ದು, ಅವರ ಬೀಗರು ಯಾರು ಅಂತ ಕೇಳಿ ರೇಟು ಹೇಳಲ್ಲ. ಒಣಗಿದೆಯಾ, ಗಾತ್ರ ಎಷ್ಟು, ಒಳಗೆ ಕೆಟ್ಟಿದೆಯಾ, ನೋಡಿ ಹೇಳ್ತಾರೆ. ವಿಶ್ವವಿದ್ಯಾಲಯದಲ್ಲಿ ಅಷ್ಟಾದ್ರೂ ಬೇಡವಾ?

ಈಗ ಪಕ್ಕದ ಕೇರಳದ ಒಂದು ಪ್ರಕರಣ. ಕಣ್ಣೂರು ವಿಶ್ವವಿದ್ಯಾಲಯ. ಕಾಸರಗೋಡಿನಲ್ಲಿ ಕನ್ನಡ ವಿಭಾಗ ನಡೆಸೋದೂ ಇದೇ ವಿಶ್ವವಿದ್ಯಾಲಯ. ಅಲ್ಲಿ ಮಲಯಾಳಂ ವಿಭಾಗದ ಸಹ ಪ್ರಾಧ್ಯಾಪಕ ಹುದ್ದೆಗೆ ಒಬ್ಬರು ಮೊದಲ ಸ್ಥಾನ ಪಡೆದ್ರು. ಅವರ ಪತಿ ಆಗ ಮುಖ್ಯಮಂತ್ರಿಯ ಖಾಸಗಿ ಕಾರ್ಯದರ್ಶಿ. ಪತಿ ಅಧ್ಯಾಪಕರಲ್ಲ, ನಿಜ. ಆದರೆ ಪಾಠ ಒಂದೇ. ಸಂಶೋಧನೆಯ ಅಂಕದಲ್ಲಿ ಅವರಿಗೆ 156, ಎರಡನೇ ಸ್ಥಾನದವರಿಗೆ 651. ಸಂದರ್ಶನದಲ್ಲಿ ಮಾತ್ರ ಅವರಿಗೆ 32, ಎರಡನೆಯವರಿಗೆ 30. ಗಲಾಟೆ ಆಯ್ತು. 2022ರ ಆಗಸ್ಟ್‌ನಲ್ಲಿ ರಾಜ್ಯಪಾಲರು ನೇಮಕ ತಡೆದ್ರು. ನವೆಂಬರ್‌ನಲ್ಲಿ ಹೈಕೋರ್ಟ್‌ನ ಏಕಸದಸ್ಯ ಪೀಠ, ಅವರಿಗೆ ಬೇಕಾದಷ್ಟು ಬೋಧನಾ ಅನುಭವ ಇಲ್ಲ ಅಂತ ಹೇಳಿತು. 2023ರ ಜೂನ್‌ನಲ್ಲಿ ವಿಭಾಗೀಯ ಪೀಠ ಆ ತೀರ್ಪನ್ನು ರದ್ದು ಮಾಡಿ, ಅನುಭವ ಇದೆ ಅಂತ ಅವರ ಪರ ನಿಂತಿತು. ವಿಷಯ ಸುಪ್ರೀಂ ಕೋರ್ಟ್‌ಗೂ ಹೋಯ್ತು.

ಇಲ್ಲಿ ಯಾರು ಸರಿ ಅಂತ ತೀರ್ಪು ಕೊಡೋಕೆ ನಾನು ಕೂತಿಲ್ಲ, ಅದಕ್ಕೆ ಕೋರ್ಟ್ ಇದೆ. ನಾನು ಹೇಳೋದು ಬೇರೆ. ಯುಜಿಸಿಯ 2018ರ ನಿಯಮದಲ್ಲಿ ಸಂಶೋಧನೆ, ಓದು, ಅನುಭವದ ಅಂಕ ಎಲ್ಲಾ ಸಂದರ್ಶನಕ್ಕೆ ಕರೆಯೋ ತನಕ ಮಾತ್ರ ಲೆಕ್ಕಕ್ಕೆ. ಆಮೇಲೆ ಆಯ್ಕೆ ನಡೆಯೋದು ಸಂದರ್ಶನದ ಮೇಲೆ. ಬಾಗಿಲು ಮುಚ್ಚಿದ ಕೋಣೆ, ನಾಲ್ಕಾರು ಜನ, ಅರ್ಧ ಗಂಟೆ ಮಾತು. ಅರ್ಹತೆ ಇದ್ದವರಿಗೇ ಕೆಲಸ ಸಿಕ್ಕಿದ್ರೂ ಜನ ನಂಬಲ್ಲ. ಆ ಹೆಣ್ಣುಮಗಳು ನಿಜವಾಗಿ ಯೋಗ್ಯಳೇ ಆಗಿದ್ರೂ ಜೀವನಪೂರ್ತಿ "ಇಂಥವರ ಹೆಂಡತಿ" ಅನ್ನೋ ಮಾತು ಬೆನ್ನಿಗೆ ಅಂಟಿಕೊಂಡಿರುತ್ತೆ. ಬಾಗಿಲು ತೆರೆದಿಟ್ಟು ಆಯ್ಕೆ ಮಾಡಿದ್ರೆ ಮೊದಲ ಲಾಭ ಆಗೋದು ಆ ಹೆಂಡತಿಗೇ.

ಇಲ್ಲಿಗೆ ನನ್ನ ವಾದದ ಅರ್ಧ ಮುಗೀತು. ಇಷ್ಟಕ್ಕೇ ಚಪ್ಪಾಳೆ ತಟ್ಟಿ "ಹೆಂಡತಿಗೆ ಕೆಲಸ ಇಲ್ಲ, ಸರಿಯಾಗಿ ಹೇಳಿದ್ರಿ" ಅನ್ನುವವರು ಸ್ವಲ್ಪ ತಡೀರಿ. ಇನ್ನರ್ಧ ನಿಮಗೆ ಇಷ್ಟ ಆಗದೇ ಇರಬಹುದು.

ಹುದ್ದೆ ಕೊಡಬೇಡಿ ಅಂದೆ. ಆದರೆ ಇಬ್ಬರೂ ತಮ್ಮ ತಮ್ಮ ಬಾಗಿಲಿನಿಂದ ಪರೀಕ್ಷೆ ಬರೆದು ಒಳಗೆ ಬಂದಿದ್ದಾರೆ ಅಂತ ಇಟ್ಕೊಳ್ಳಿ. ಆಗ ಅವರಿಬ್ಬರನ್ನು ಒಂದೇ ಊರಲ್ಲಿ ಇರಲು ಬಿಡೋದು ಉಪಕಾರ ಅಲ್ಲ, ಸರ್ಕಾರದ ಜವಾಬ್ದಾರಿ. ಇವೆರಡನ್ನೂ ನಾವು ಒಂದೇ ಚೀಲಕ್ಕೆ ತುಂಬಿಬಿಡ್ತೀವಿ. ಹುದ್ದೆ ಕೇಳೋದು ಬೇರೆ, ಊರು ಕೇಳೋದು ಬೇರೆ.

ಒಂದು ಉದಾಹರಣೆ ಕಟ್ಟಿ ಹೇಳ್ತೀನಿ. ಕಂದಿಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ. ಅಲ್ಲಿನ ಸರ್ಕಾರಿ ಶಾಲೆಗೆ ಒಬ್ಬ ಮೇಡಂ ಬಂದ್ರು ಅಂದುಕೊಳ್ಳಿ. ಗಂಡನೂ ಮೇಷ್ಟ್ರು, ಆದರೆ ಕೆಲಸ ರಾಯಚೂರು ಜಿಲ್ಲೆಯಲ್ಲಿ. ಇಬ್ಬರೂ ಸಿಇಟಿ ಬರೆದು ಪಾಸಾದವರು. ಮಗು ಯಾರ ಹತ್ತಿರ? ತಿಪಟೂರಿನ ಅಜ್ಜಿ ಹತ್ತಿರ. ಹಾಗಾಗಿ ಮೇಡಂ ಮನೆ ತಿಪಟೂರಿನಲ್ಲೇ. ಬೆಳಗ್ಗೆ ಬಸ್ಸು, ಚಿಕ್ಕನಾಯಕನಹಳ್ಳಿ ದಾಟಿ ಕಂದಿಕೆರೆ, ಸಂಜೆ ಮತ್ತೆ ಬಸ್ಸು. ಗಂಡ ದಸರಾ ರಜೆಗೆ ಒಂದು ಸಲ, ಬೇಸಿಗೆ ರಜೆಗೆ ಒಂದು ಸಲ ಬರ್ತಾರೆ. ಮಗುಗೆ ಅಪ್ಪ ಅಂದ್ರೆ ಮೊಬೈಲ್ ಪರದೆ ಮೇಲೆ ಕಾಣುವ ಮುಖ.

ಇದು ಆ ಕುಟುಂಬದ ಕಷ್ಟ ಮಾತ್ರ ಅಂದುಕೊಂಡ್ರಾ? ಇದು ಊರಿನ ಕಷ್ಟವೂ ಹೌದು. ಬಸ್ಸಿನ ಹೊತ್ತಿಗೆ ಕಟ್ಟಿಹಾಕಿಕೊಂಡ ಶಾಲೆ ಅದು. ಬಸ್ಸು ತಡ ಆದ್ರೆ ಪ್ರಾರ್ಥನೆ ತಡ. ಕೊನೆ ಬೆಲ್ ಆದ ಮೇಲೆ ಲೆಕ್ಕ ಬಾರದ ಹುಡುಗನನ್ನು ಇನ್ನರ್ಧ ಗಂಟೆ ಕೂರಿಸಿಕೊಂಡು ಹೇಳಿಕೊಡೋಣ ಅಂದ್ರೆ ಬಸ್ಸು ತಪ್ಪುತ್ತೆ. ಮೇಷ್ಟ್ರು ಊರಲ್ಲೇ ಇರ್ತಾ ಇದ್ದ ಕಾಲದಲ್ಲಿ ಊರಿನ ಜನ ಅವರನ್ನು ಜಗುಲಿಗೆ ಕರೆದು ಅರ್ಜಿ ಬರೆಸಿಕೊಳ್ತಿದ್ರು, ಮಗನನ್ನು ಮುಂದೆ ಏನು ಓದಿಸಲಿ ಅಂತ ಕೇಳ್ತಿದ್ರು. ಇವತ್ತು ಮೇಷ್ಟ್ರು ಊರಿನವರಲ್ಲ, ಬಸ್ಸಿನವರು. ಗಂಡ ಹೆಂಡತಿ ಇಬ್ಬರನ್ನೂ ಒಂದೇ ಹೋಬಳಿಗೆ ಹಾಕಿ ನೋಡಿ. ಊರಲ್ಲಿ ಮನೆ ಬಾಡಿಗೆಗೆ ಹಿಡೀತಾರೆ. ಮಗುವನ್ನು ಬಹುಶಃ ಅದೇ ಶಾಲೆಗೇ ಸೇರಿಸ್ತಾರೆ. ಮೇಡಂ ಮಗು ಓದುವ ಶಾಲೆಯಲ್ಲಿ ಪಾಠ ಹೇಗಿರುತ್ತೆ ಅಂತ ನಾನು ಬಿಡಿಸಿ ಹೇಳಬೇಕಾ?

ಸರ್ಕಾರಕ್ಕೆ ಇದು ಗೊತ್ತಿಲ್ಲ ಅಂತೇನಿಲ್ಲ. ಕೇಂದ್ರ ಸರ್ಕಾರ 1986ರಲ್ಲೇ ಗಂಡ ಹೆಂಡತಿಯನ್ನು ಆದಷ್ಟೂ ಒಂದೇ ಊರಿಗೆ ಹಾಕಿ ಅಂತ ತನ್ನ ನೌಕರರಿಗೆ ಆದೇಶ ಮಾಡಿತ್ತು. 2009ರ ಸೆಪ್ಟೆಂಬರ್‌ನಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿ, ಮಕ್ಕಳಿಗೆ 18 ವರ್ಷ ಆಗುವ ತನಕವಾದರೂ ವಿಶೇಷವಾಗಿ ಪಾಲಿಸಿ ಅಂದಿತು. ನಮ್ಮ ರಾಜ್ಯದಲ್ಲಿ ಶಿಕ್ಷಕರ ವರ್ಗಾವಣೆಗೆ 2007ರಲ್ಲಿ ಒಂದು ಕಾಯ್ದೆ, 2020ರಲ್ಲಿ ಇನ್ನೊಂದು ಕಾಯ್ದೆ. ಎರಡರಲ್ಲೂ ಪತಿ-ಪತ್ನಿ ಪ್ರಕರಣಕ್ಕೆ ಜಾಗ ಇದೆ. ಈ "ಪತಿ-ಪತ್ನಿ ಪ್ರಕರಣ" ಅನ್ನೋ ಪದ ಇದೆಯಲ್ಲ, ಶಿಕ್ಷಕರ ಮನೆಗಳಲ್ಲಿ ಮದುವೆ ಮಾತುಕತೆ ನಡೆಯುವಾಗಲೇ ಬರುತ್ತೆ. ಹುಡುಗನೂ ಸರ್ಕಾರಿ ನೌಕರನಾ? ಹಾಗಾದ್ರೆ ಮುಂದೆ ಪತಿ-ಪತ್ನಿ ಪ್ರಕರಣದಲ್ಲಿ ಹತ್ತಿರ ಬರಬಹುದು ಅಂತ. ಜಾತಕ ಕೂಡಿದ್ರೆ ಸಾಲದು, ಕೌನ್ಸೆಲಿಂಗ್ ಪಟ್ಟಿಯೂ ಕೂಡಿಬರಬೇಕು!

ಸುಪ್ರೀಂ ಕೋರ್ಟ್ ಏನು ಹೇಳಿದೆ? ಮೂರು ದಶಕದ ಹಿಂದೆ ಬ್ಯಾಂಕ್ ಆಫ್ ಇಂಡಿಯಾದ ಒಂದು ಪ್ರಕರಣದಲ್ಲಿ ಹೇಳಿತ್ತು: ದಂಪತಿಯನ್ನು ಒಂದೇ ಊರಲ್ಲಿ ಇಡೋದು ಒಳ್ಳೆಯದು, ಆದರೆ ಅದನ್ನು ಹಕ್ಕು ಅಂತ ಕೇಳೋ ಹಾಗಿಲ್ಲ. 2022ರ ಮಾರ್ಚ್ 10ರಂದು ಕಸ್ಟಮ್ಸ್ ಇಲಾಖೆ ನೌಕರರ ಪ್ರಕರಣದಲ್ಲಿ ಒಂದು ಹೆಜ್ಜೆ ಮುಂದೆ ಹೋಯ್ತು. ನ್ಯಾಯಮೂರ್ತಿ ಚಂದ್ರಚೂಡ್ ಅವರಿದ್ದ ಪೀಠ. ವರ್ಗಾವಣೆ ನೀತಿ ಮಾಡುವ ಅಧಿಕಾರ ಸರ್ಕಾರದ್ದೇ, ಒಪ್ಪಿತು. ಆದರೆ ಕುಟುಂಬ ಜೀವನವೂ ಮನುಷ್ಯನ ಘನತೆಯ ಒಂದು ಭಾಗ, ದಂಪತಿಗಳ, ಅಂಗವಿಕಲರ ವಿಷಯದಲ್ಲಿ ನಿಮ್ಮ ನೀತಿಯನ್ನು ಮತ್ತೆ ನೋಡಿ ಅಂತ ಹೇಳಿತು. ನೀತಿ ಮಾಡುವಾಗ ಮನೆ ಅನ್ನೋದು ಒಂದು ಇದೆ ಅಂತ ಮರೀಬೇಡಿ, ಅಷ್ಟೇ ಅದರ ಅರ್ಥ.

ಇಲ್ಲೂ ಒಂದು ಎಚ್ಚರಿಕೆ ಬೇಕು. ಎಲ್ಲ ದಂಪತಿಗಳನ್ನೂ ತುಮಕೂರು, ಮೈಸೂರು, ಬೆಂಗಳೂರಿಗೆ ತಂದುಬಿಟ್ರೆ ರಾಯಚೂರು, ಯಾದಗಿರಿಯ ಮಕ್ಕಳಿಗೆ ಪಾಠ ಮಾಡುವವರು ಯಾರು? ಮದುವೆ ಆಗದ ಹೆಣ್ಣುಮಗಳು, ಗಂಡನನ್ನು ಕಳೆದುಕೊಂಡ ತಾಯಿ, ರೈತನನ್ನು ಮದುವೆ ಆದ ಟೀಚರ್ ಏನು ಪಾಪ ಮಾಡಿದ್ರು? ಗಂಡ ಸರ್ಕಾರಿ ನೌಕರ ಅಲ್ಲ ಅನ್ನೋ ಕಾರಣಕ್ಕೆ ಆಕೆ ಯಾವಾಗಲೂ ಪಟ್ಟಿಯ ಕೆಳಗೇ ಇರಬೇಕಾ? ತೋಟವನ್ನು ಬಸ್ಸಿನಲ್ಲಿ ಹೇರಿಕೊಂಡು ಹೆಂಡತಿ ಹಿಂದೆ ಹೋಗೋಕೆ ಆಗಲ್ಲ ಅಲ್ವಾ? ಹಾಗಾಗಿ ದಂಪತಿ ಸೇರೋದು ಯಾವಾಗಲೂ ಬೆಂಗಳೂರು ದಿಕ್ಕಿನಲ್ಲೇ ಆಗಬೇಕು ಅಂತಿಲ್ಲ. ಕಂದಿಕೆರೆಯಲ್ಲೂ ಸೇರಬಹುದು, ಮಾನ್ವಿಯಲ್ಲೂ ಸೇರಬಹುದು.

ಈಗ ಮತ್ತೆ ಕಾಲೇಜು, ವಿಶ್ವವಿದ್ಯಾಲಯಕ್ಕೆ ಬನ್ನಿ. ಅಮೆರಿಕದ ಪ್ರೊಫೆಸರ್ ಹೆಂಡತಿಯ ಬಗ್ಗೆ ಅಷ್ಟು ಮಾತಾಡಿದ್ವಿ. ನಮ್ಮಲ್ಲಿ ಹಾಗೆ ಗಂಡನ ಹಿಂದೆ ಬಂದ, ಓದಿದ ಹೆಂಡತಿ ಎಲ್ಲಿದ್ದಾಳೆ? ಹುಡುಕೋಕೆ ಕಷ್ಟ ಇಲ್ಲ. ಅಂಥವರಲ್ಲಿ ಎಷ್ಟೋ ಜನ ಅತಿಥಿ ಉಪನ್ಯಾಸಕರು. ವರ್ಷಗಟ್ಟಲೆ ಕೆಲಸ ಮಾಡಿದ್ರೂ ಅತಿಥಿಯೇ! ನಮ್ಮ ಕಡೆ ಅತಿಥಿ ಬಂದ್ರೆ ಎಳನೀರು ಕೊಟ್ಟು, ಊಟ ಹಾಕಿ ಕಳಿಸ್ತೀವಿ. ಇವರಿಗೆ ಶೈಕ್ಷಣಿಕ ವರ್ಷ ಮುಗಿದ್ರೆ ಎಳನೀರೂ ಇಲ್ಲ, ಸಂಬಳವೂ ಇಲ್ಲ.

ಅಂಕಿ ನೋಡಿ. ಒಬ್ಬ ಕಾಯಂ ಸಹಾಯಕ ಪ್ರಾಧ್ಯಾಪಕರ ಯುಜಿಸಿ ಮೂಲವೇತನ ಶುರುವಾಗೋದೇ 57,700 ರೂಪಾಯಿಯಿಂದ. ಅತಿಥಿ ಉಪನ್ಯಾಸಕರಿಗೆ 2022ರ ಜನವರಿ ತನಕ ಸಿಗ್ತಾ ಇದ್ದದ್ದು ಹೆಚ್ಚೆಂದರೆ 13 ಸಾವಿರ. ಆಮೇಲೆ ಅರ್ಹತೆ, ಅನುಭವ ನೋಡಿ 26 ಸಾವಿರದಿಂದ 32 ಸಾವಿರಕ್ಕೆ ಏರಿಸಿದ್ರು. ಜೊತೆಗೆ ವಾರದ ಪಾಠದ ಅವಧಿಯನ್ನೂ ಏರಿಸಿದ್ರು. ಒಬ್ಬರಿಗೆ ಹೆಚ್ಚು ಅವಧಿ ಅಂದ್ರೆ ಇನ್ನೊಬ್ಬರಿಗೆ ಕೆಲಸವೇ ಇಲ್ಲ, ಲೆಕ್ಕ ಅಷ್ಟೇ. 2023ರ ಕೊನೆಯಲ್ಲಿ ಕಾಯಂ ಮಾಡಿ ಅಂತ ತರಗತಿ ಬಿಟ್ಟು ಹೊರಗೆ ಕೂತ್ರು. 2024ರ ಹೊಸ ವರ್ಷದ ಹೊತ್ತಿಗೆ ತುಮಕೂರಿನ ಸಿದ್ಧಗಂಗಾ ಮಠದಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟ್ರು. ಗೌರವಧನಕ್ಕೆ ಮತ್ತೆ 5ರಿಂದ 8 ಸಾವಿರ ಸೇರಿತು, ಆರೋಗ್ಯ ವಿಮೆಯ ಮಾತು ಬಂತು. ಕಾಯಂ ಅನ್ನೋ ಪದ ಮಾತ್ರ ಬರಲಿಲ್ಲ.

ಆ ರಸ್ತೆಯಲ್ಲಿ ನಡೆದವರಲ್ಲಿ ಹೆಣ್ಣುಮಕ್ಕಳೂ ಇದ್ರು. ಹೀಗೆ ಕೆಲಸ ಮಾಡುವ ಎಷ್ಟೋ ಹೆಣ್ಣುಮಕ್ಕಳ ದಾರಿ ಒಂದೇ. ಎಂ.ಎ. ಆಯ್ತು, ಮದುವೆ ಆಯ್ತು, ಗಂಡನ ಊರಿಗೆ ಬಂದ್ರು, ಹತ್ತಿರದ ಕಾಲೇಜಿನಲ್ಲಿ ಸಿಕ್ಕಿದ್ದನ್ನು ಹಿಡಿದುಕೊಂಡ್ರು. ಊರು ಆಕೆ ಆರಿಸಿದ್ದಲ್ಲ, ಆಗಲೇ ಗೊತ್ತಾಗಿತ್ತು. ಹುದ್ದೆ ಭರ್ತಿಯ ಅಧಿಸೂಚನೆ ಬಂದ್ರೆ ಬರೀಬಹುದಿತ್ತು. ಅಧಿಸೂಚನೆ ಬರಬೇಕಲ್ಲ? ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗೆ 2021ರಲ್ಲಿ ಅಧಿಸೂಚನೆ ಬಂತು, 2022ರ ಮಾರ್ಚ್‌ನಲ್ಲಿ ಪರೀಕ್ಷೆ ನಡೀತು. ಅಂಥ ಪರೀಕ್ಷೆ ಮಳೆಗಾಲದ ಹಾಗೆ ವರ್ಷಾ ವರ್ಷಾ ಬರಲ್ಲ, ಧೂಮಕೇತುವಿನ ಹಾಗೆ ಅಪರೂಪಕ್ಕೆ ಬರುತ್ತೆ. ಆಗ ಮಡಿಲಲ್ಲಿ ಮಗು ಇದ್ರೆ, ಅವಕಾಶ ಹೋಯ್ತು.

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕಾಯಿಯನ್ನು ಅಟ್ಟದ ಮೇಲೆ ಹಾಕಿಡ್ತಾರೆ. ಹತ್ತು ಹನ್ನೆರಡು ತಿಂಗಳು ಅಲ್ಲೇ ಇದ್ರೆ ನೀರು ಇಂಗಿ ಉಂಡೆ ಕೊಬ್ಬರಿ ಆಗುತ್ತೆ, ಬೆಲೆ ಬರುತ್ತೆ. ಹೆಣ್ಣುಮಗಳ ಎಂ.ಎ., ಪಿಎಚ್‌ಡಿಯನ್ನು ಅಟ್ಟಕ್ಕೆ ಹಾಕಿದ್ರೆ ಹಾಗಾಗಲ್ಲ. ವರ್ಷ ಕಳೆದಷ್ಟೂ ಬೆಲೆ ಇಳಿಯುತ್ತೆ. "ಇಷ್ಟು ವರ್ಷ ಏನು ಮಾಡ್ತಿದ್ರಿ?" ಅಂತ ಸಂದರ್ಶನದಲ್ಲಿ ಕೇಳ್ತಾರೆ. ಏನು ಹೇಳಬೇಕು? ನಿಮ್ಮ ಅಧಿಸೂಚನೆಗೆ ಕಾಯ್ತಾ ಇದ್ದೆ ಅಂತ ಹೇಳಬೇಕಾ?

ಹಾಗಾಗಿ ಸಂಗಾತಿಗೆ ಕೆಲಸ ಕೊಡಬೇಕಾ ಅನ್ನೋ ಚರ್ಚೆಯಲ್ಲಿ ನನ್ನ ಉತ್ತರ ಇಷ್ಟು. ಮದುವೆ ನೋಡಿ ಹುದ್ದೆ ಕೊಡಬೇಡಿ. ಮದುವೆ ನೋಡಿ ಹುದ್ದೆ ತಪ್ಪಿಸಲೂಬೇಡಿ. ಹುದ್ದೆ ಗೆದ್ದವರಿಗೆ ಊರು ಕೊಡಿ.

ಬರೀ ಹೇಳಿದ್ರೆ ಆಗಲ್ಲ, ಏನು ಮಾಡಬೇಕು ಅಂತಲೂ ಹೇಳ್ತೀನಿ. ದೊಡ್ಡ ಕ್ರಾಂತಿ ಏನೂ ಬೇಡ, ನಾಲ್ಕು ಕೆಲಸ ಸಾಕು.

ಒಂದು. ಪ್ರತಿ ವರ್ಷ ಹುದ್ದೆ ತುಂಬಿ. ನಾಲ್ಕಾರು ವರ್ಷಕ್ಕೊಮ್ಮೆ ಸಾವಿರ ಹುದ್ದೆ ಸುರಿಯೋದಕ್ಕಿಂತ ವರ್ಷಕ್ಕೆ ಇನ್ನೂರು ತುಂಬಿದ್ರೆ, ಒಂದು ವರ್ಷ ತಪ್ಪಿದ ಹೆಣ್ಣುಮಗಳು ಮುಂದಿನ ವರ್ಷ ಬರೀತಾಳೆ. ಯಾರ ಶಿಫಾರಸೂ ಬೇಕಾಗಲ್ಲ.

ಎರಡು. ವಿಶ್ವವಿದ್ಯಾಲಯದ ನೇಮಕಾತಿಯಲ್ಲಿ ಪ್ರತಿ ಅಭ್ಯರ್ಥಿಯ ಅಂಕ, ಸಂದರ್ಶನದ ಅಂಕ ಎರಡನ್ನೂ ವೆಬ್‌ಸೈಟ್‌ನಲ್ಲಿ ಹಾಕಿ. ಆಯ್ಕೆ ಸಮಿತಿಯಲ್ಲಿ ಇರುವವರ ಸಂಬಂಧಿಕರು ಅರ್ಜಿ ಹಾಕಿದ್ರೆ ಆ ಸದಸ್ಯರು ಎದ್ದು ಹೊರಗೆ ಹೋಗಲಿ. ಒಂದೇ ವಿಭಾಗದಲ್ಲಿ ದಂಪತಿ ಇದ್ರೆ ಒಬ್ಬರ ಬಡ್ತಿ, ರಜೆ, ಮೌಲ್ಯಮಾಪನದ ಕಡತ ಇನ್ನೊಬ್ಬರ ಮೇಜಿಗೆ ಹೋಗದಿರಲಿ.

ಮೂರು. ಶಾಲಾ ಶಿಕ್ಷಕರಿಗೆ ನಡೆಯುವ ಹಾಗೆ ಕಾಲೇಜು, ವಿಶ್ವವಿದ್ಯಾಲಯದ ಅಧ್ಯಾಪಕರಿಗೂ ಪರದೆಯ ಮೇಲೆ ಎಲ್ಲರಿಗೂ ಕಾಣುವ ಕೌನ್ಸೆಲಿಂಗ್ ಪ್ರತಿ ವರ್ಷ, ತಪ್ಪದೆ ನಡೀಲಿ. ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗುವ ದಾರಿ ಸಲೀಸಾಗಲಿ. ಪತಿ-ಪತ್ನಿ ಪ್ರಕರಣ ಅಂದಾಗ ಸಂಗಾತಿಯ ಉದ್ಯೋಗ ಸರ್ಕಾರಿಯೋ, ಖಾಸಗಿಯೋ, ಕೃಷಿಯೋ ಅಂತ ಭೇದ ಬೇಡ. ಸಂಸಾರ ಎಲ್ಲರದ್ದೂ ಸಂಸಾರವೇ.

ನಾಲ್ಕು. ಹೋಬಳಿ ಮಟ್ಟದಲ್ಲಿ ಜೊತೆಯಾಗಿ ಇರೋಕೆ ಒಪ್ಪುವ ದಂಪತಿಗೆ ಮೊದಲ ಆದ್ಯತೆ ಕೊಡಿ. ಕಂದಿಕೆರೆಗೆ ಇಬ್ಬರೂ ಬರ್ತೀವಿ, ಐದು ವರ್ಷ ಊರಲ್ಲೇ ಇರ್ತೀವಿ ಅಂದ್ರೆ ಮರುಮಾತಿಲ್ಲದೆ ಕೊಡಿ. ಎರಡು ಖಾಲಿ ಜಾಗ ತುಂಬುತ್ತೆ, ಒಂದು ಸಂಸಾರ ಒಂದಾಗುತ್ತೆ, ಒಂದು ಊರಿಗೆ ಮತ್ತೆ ಮೇಷ್ಟ್ರು ಸಿಗ್ತಾರೆ. ಇದಕ್ಕೆ ಖಜಾನೆಯಿಂದ ಒಂದು ರೂಪಾಯಿ ಹೆಚ್ಚು ಬೇಕಾಗಲ್ಲ.

ಈ ನಾಲ್ಕರಲ್ಲಿ ಯಾವುದಕ್ಕೂ ಹೊಸ ಬಜೆಟ್ ಭಾಷಣ ಬೇಡ, ಹೊಸ ಸಮಿತಿ ಬೇಡ. ಬೇಕಾಗಿರೋದು ಒಂದು ಕ್ಯಾಲೆಂಡರ್, ಆ ಕ್ಯಾಲೆಂಡರ್ ಪ್ರಕಾರ ನಡೆಯುವ ಮನಸ್ಸು. ಮಂತ್ರಿಗಳೇ, ಅಧಿಕಾರಿಗಳೇ, ನಿಮ್ಮ ಕಚೇರಿಯಲ್ಲೂ ಟಿವಿ ಇದೆ, ನೋಡ್ತಾ ಇರ್ತೀರಿ ಅಂತ ಗೊತ್ತು. ಮುಂದಿನ ನೇಮಕಾತಿ ಅಧಿಸೂಚನೆಯ ದಿನಾಂಕ ಯಾವುದು? ಅದೊಂದನ್ನು ಹೇಳಿ ಸಾಕು. ಉಳಿದದ್ದನ್ನು ಆ ಹೆಣ್ಣುಮಕ್ಕಳು ಬರೆದು ಗೆದ್ದುಕೊಳ್ತಾರೆ.